ಆರ್ಕಿಡ್ ಐಡಿ: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ವಿಜಯಪುರದ ಕಡೆ ಪಾಟೀಲರು, ಬಿರಾದಾರರು ಓಣಿಗೊಬ್ಬರು ಸಿಗುತ್ತಾರೆ. ಲೇಖನದಲ್ಲಿ ‘ಎಸ್. ಪಾಟೀಲ’ ಅಂತ ಅಚ್ಚಾದರೆ ಯಾವ ಪಾಟೀಲರು ಅಂತ ಹೇಗೆ ಗೊತ್ತಾಗಬೇಕು? ಕಾಲೇಜು ಲೈಬ್ರರಿಯಲ್ಲಿ ಕೂತು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಪ್ರಕಟಣೆಗಳ ಪಟ್ಟಿ ಮಾಡುವವರಿಗೆ ಈ ತಲೆನೋವು ಚೆನ್ನಾಗಿ ಗೊತ್ತು. ಆರ್ಕಿಡ್ (ORCID), ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಬೇರೆಬೇರೆಯಾಗಿ ಸಿಗುವ ಗುರುತಿನ ಸಂಖ್ಯೆಯನ್ನು ನಾವು ಹಿಡಿದದ್ದೇ ಇದಕ್ಕಾಗಿ.

2012ರಿಂದ ಸಿಗುತ್ತಿರುವ 16 ಅಂಕಿಯ ಗುರುತು ಇದು. ಸಂಶೋಧಕರಿಗೆ ಪೂರ್ತಿ ಉಚಿತ. ಕೊನೆಯ ಜಾಗದಲ್ಲಿ ಕೆಲವರಿಗೆ ಎಕ್ಸ್ ಬರುತ್ತದೆ. ಹಿಂದಿನ 15 ಅಂಕಿ ಸರಿಯಾಗಿ ಟೈಪ್ ಆಗಿವೆಯಾ ಅಂತ ತಾಳೆ ನೋಡುವ ಲೆಕ್ಕ ಅದು. ನಮ್ಮಲ್ಲಿನ ಒಂದು ಫಾರಂ ‘ಅಂಕಿ ಮಾತ್ರ’ ಅಂತ ಹಠ ಹಿಡಿದು ಎಕ್ಸ್ ಇದ್ದವರನ್ನೆಲ್ಲ ಹೊರಗೇ ನಿಲ್ಲಿಸಿತ್ತು!

ನಿಜವಾದ ಲಾಭ ಇರುವುದು ಆಟೋ ಅಪ್‌ಡೇಟ್‌ನಲ್ಲಿ. ಲೇಖನ ಕಳಿಸುವಾಗ ಐಡಿ ಕೊಟ್ಟು, ಕ್ರಾಸ್‌ರೆಫ್‌ಗೆ (ಪ್ರಕಾಶಕರ ಲೇಖನಗಳಿಗೆ ಡಿಒಐ ನೋಂದಾಯಿಸುವ ಸಂಸ್ಥೆ; ಡಿಒಐ ಅಂದರೆ ಲೇಖನದ ಶಾಶ್ವತ ಗುರುತು) ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು. ಆಮೇಲೆ ಡಿಒಐ ಸಿಕ್ಕ ಲೇಖನ ತಾನಾಗಿ ಪ್ರೊಫೈಲ್‌ಗೆ ಬಂದು ಕೂರುತ್ತದೆ. ಆದರೆ ಪ್ರಕಾಶಕರು ಆ ಐಡಿಯನ್ನು ಕ್ರಾಸ್‌ರೆಫ್‌ಗೆ ದಾಟಿಸಬೇಕು. ಕೆಲವರು ಐಡಿ ಕೇಳಿ ಪಡೆಯುತ್ತಾರೆ, ಪಿಡಿಎಫ್‌ನಲ್ಲಿ ಅಚ್ಚೂ ಹಾಕುತ್ತಾರೆ, ಮುಂದೆ ಮಾತ್ರ ಕಳಿಸುವುದಿಲ್ಲ. ಆಗ ಡಿಒಐ ಹಾಕಿ ನಾವೇ ಸೇರಿಸಬೇಕು.

ಕನ್ನಡ ವಿಭಾಗದವರ ಪಾಡು ಇನ್ನೂ ಬೇರೆ. ಅವರು ಬರೆಯುವ ಎಷ್ಟೋ ಪತ್ರಿಕೆಗಳಿಗೆ ಡಿಒಐ ಇಲ್ಲ. ಶೀರ್ಷಿಕೆ, ವರ್ಷ, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಎಲ್ಲ ಕೈಯಿಂದಲೇ ತುಂಬಬೇಕು. ಹೆಸರನ್ನು ಕನ್ನಡದಲ್ಲೂ ಸೇರಿಸಿಡಬಹುದು ಅನ್ನೋದೊಂದು ಸಮಾಧಾನ.

ಒಂದು ಮಾತು: ಕಾಲೇಜಿನ ಇಮೇಲ್ ಒಂದನ್ನೇ ಕೊಡಬೇಡಿ. ಕೆಲಸ ಬಿಟ್ಟ ದಿನ ಅದು ಬಂದ್, ಪಾಸ್‌ವರ್ಡ್ ಮರೆತರೆ ಖಾತೆಯೂ ಕೈಗೆ ಸಿಗಲ್ಲ. ಸ್ವಂತ ಇಮೇಲ್ ಒಂದು ಸೇರಿಸಿಡಿ.

ಸಂಸ್ಥೆಯ ಹೆಸರಿನ ಗೊಂದಲ ಆರ್ಕಿಡ್‌ನಿಂದ ಪೂರ್ತಿ ತೀರಲ್ಲ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಹಳೆ ಲೇಖನಗಳಲ್ಲಿ ಹಳೆ ವಿಳಾಸವೇ ಇದೆ, ಅಲ್ವಾ? ಅದಕ್ಕೆ 2019ರಲ್ಲಿ ಬಂದ ಆರ್‌ಒಆರ್ (ROR) ಐಡಿ, ಅಂದರೆ ಸಂಸ್ಥೆಗಳಿಗೇ ಕೊಡುವ ಗುರುತು ಬೇಕು. ಹೆಸರು ಬದಲಾದರೂ ಸಂಸ್ಥೆಯ ಐಡಿ ಅದೇ ಇರುತ್ತದೆ, ಹಳೆ ಹೆಸರೂ ಅದರಡಿಯಲ್ಲೇ ಉಳಿಯುತ್ತದೆ. ಆರ್ಕಿಡ್ ಪ್ರೊಫೈಲ್‌ನಲ್ಲಿ ಉದ್ಯೋಗ ತುಂಬುವಾಗ ಸುಮ್ನೆ ಟೈಪ್ ಮಾಡದೆ, ಕೆಳಗೆ ಬೀಳುವ ಪಟ್ಟಿಯಿಂದಲೇ ಸಂಸ್ಥೆಯನ್ನು ಆರಿಸಿ, ಆಗ ಸಂಸ್ಥೆಯ ಐಡಿಯೂ ಜೊತೆಗೆ ಸೇರುತ್ತದೆ. ‘ಇವರು ನಮ್ಮವರೇ’ ಅಂತ ಕಾಲೇಜೇ ದೃಢೀಕರಿಸಿ ಅಲ್ಲಿ ದಾಖಲಿಸಬೇಕಾದರೆ ಹಣ ಕಟ್ಟಿ ಆರ್ಕಿಡ್‌ನ ಸದಸ್ಯತ್ವ ಪಡೆಯಬೇಕು. ಸಣ್ಣ ಕಾಲೇಜಿಗೆ ಅದು ಭಾರವೇ. ನಾವಂತೂ ಉಚಿತವಾಗಿ ಸಿಗುವಷ್ಟರಲ್ಲೇ ಕೆಲಸ ನಡೆಸುತ್ತಿದ್ದೇವೆ.