ಫಾರಂ ತಪ್ಪನ್ನು ಎಲ್ಲಿ ತೋರಿಸೋದು? ಗಂಜ್‌ನಲ್ಲಿ ಮೂರು ರೀತಿ ಮಾಡಿ ನೋಡಿದೆ

ಕಲಬುರಗಿ ನೆಹರು ಗಂಜ್‌ನ ಒಂದು ಅಡತಿ ಅಂಗಡಿಗೆ, ತೊಗರಿ ತರುವ ರೈತರ ವಿವರ ಬರೆದುಕೊಳ್ಳೋಕೆ ಚಿಕ್ಕದೊಂದು ಜಾವಾ ವೆಬ್ ಆಪ್ ಮಾಡಿಕೊಟ್ಟಿದ್ದೆ. ಹೆಸರು, ಮೊಬೈಲ್, ಎಷ್ಟು ಚೀಲ, ಐಎಫ್‌ಎಸ್‌ಸಿ ಕೋಡ್. ಇಷ್ಟೇ. ಆದರೆ ತಪ್ಪು ತುಂಬಿದಾಗ ಅದನ್ನು ಹೇಗೆ ತೋರಿಸಬೇಕು ಅನ್ನೋದಕ್ಕೇ ಉಳಿದ ಕೆಲಸಕ್ಕಿಂತ ಜಾಸ್ತಿ ದಿನ ಹೋಯ್ತು. ಮೂರು ರೀತಿ ಮಾಡಿ, ಮೂರನ್ನೂ ಅಲ್ಲಿನ ಮುನೀಮರ ಫೋನಿನಲ್ಲೇ ನೋಡಿದೆ.

ಮೊದಲನೆಯದು ಸರ್ವ್ಲೆಟ್ (ಸರ್ವರಿನಲ್ಲಿ ಫಾರಂ ತಗೊಳ್ಳುವ ಜಾವಾ ಕೋಡ್) ಮತ್ತು ಜೆಎಸ್‌ಪಿ (ಪುಟ ಕಟ್ಟುವ ಫೈಲು). ತಪ್ಪುಗಳನ್ನೆಲ್ಲ ಒಂದು ಲಿಸ್ಟಿಗೆ ಹಾಕಿ, ರಿಕ್ವೆಸ್ಟಿನಲ್ಲಿ ಇಟ್ಟು, ಪುಟದ ತಲೆಯಲ್ಲಿ ಸಾಲಾಗಿ ತೋರಿಸೋದು. ಅರ್ಧ ದಿನದ ಕೆಲಸ. ಮೊದಲು ನಾನು ಫಾರ್ವರ್ಡ್ (ಅದೇ ರಿಕ್ವೆಸ್ಟನ್ನು ಪುಟಕ್ಕೆ ದಾಟಿಸೋದು) ಬದಲು ರೀಡೈರೆಕ್ಟ್ (ಬ್ರೌಸರಿಂದ ಹೊಸ ರಿಕ್ವೆಸ್ಟ್ ಮಾಡಿಸೋದು) ಮಾಡಿದ್ದೆ, ಹಾಗಾಗಿ ಲಿಸ್ಟೂ ಇಲ್ಲ, ತುಂಬಿದ್ದೂ ಇಲ್ಲ, ಖಾಲಿ ಫಾರಂ ಬಂತು. ಅದು ಸರಿಯಾದ ಮೇಲೂ ಗೋಳು ತಪ್ಪಲಿಲ್ಲ: ಚಿಕ್ಕ ಪರದೆಯಲ್ಲಿ ತಪ್ಪು ಮೇಲೆ, ತುಂಬುವ ಜಾಗ ಕೆಳಗೆ. ಕೆಳಗೆ ಬರುವಷ್ಟರಲ್ಲಿ ಮೇಲೆ ಓದಿದ್ದು ಮರೆತಿರುತ್ತೆ.

ಎರಡನೆಯದು ಬ್ರೌಸರಿಗೇ ಬಿಟ್ಟುಬಿಡೋದು. ರಿಕ್ವಯರ್ಡ್ (ತುಂಬಲೇಬೇಕು), ಪ್ಯಾಟರ್ನ್ (ಇಂಥ ಮಾದರಿಯಲ್ಲೇ ಇರಬೇಕು) ಅಂತ ಎರಡು ಮಾತು ಎಚ್‌ಟಿಎಂಎಲ್‌ನಲ್ಲಿ ಬರೆದರೆ ಮುಗೀತು. ಆದರೆ ಮೊದಲ ತಪ್ಪಿನ ಹತ್ತಿರ ಮಾತ್ರ ಒಂದು ಪುಟ್ಟ ಡಬ್ಬಿ ಬರುತ್ತೆ, ಅದೂ ಬ್ರೌಸರಿನ ಭಾಷೆಯಲ್ಲಿ. ಮುನೀಮರ ಫೋನ್ ಇಂಗ್ಲಿಷಿನಲ್ಲಿತ್ತು. "ಓದೋದ್ರಾಗೇ ಹೋತ್ರೀ ಅದು, ಏನಂದ್ರ ತಿಳೀಲಿಲ್ಲ" ಅಂದರು. ಇದನ್ನು ದಾಟಿ ಯಾರು ಬೇಕಾದರೂ ಸರ್ವರಿಗೆ ಏನನ್ನಾದರೂ ಕಳಿಸಬಹುದು, ಅಂದರೆ ಜಾವಾದಲ್ಲಿ ಮತ್ತೆ ನೋಡಲೇಬೇಕು. ಹಾಗಾದರೆ ಇದರಿಂದ ಉಳಿತಾಯವಾದ ಕೆಲಸವೇನು?

ಮೂರನೆಯದು ಸ್ಪ್ರಿಂಗ್ (ಜಾವಾ ವೆಬ್ ಆಪ್ ಕಟ್ಟುವ ಚೌಕಟ್ಟು) ಜೊತೆ ಥೈಮ್‌ಲೀಫ್ (ಪುಟ ಕಟ್ಟುವ ಸಲಕರಣೆ). ನಾನು ಉಳಿಸಿಕೊಂಡದ್ದು ಇದನ್ನೇ. ಪ್ರತಿ ಕಾಲಮಿನ ಕೆಳಗೇ ಅದರ ತಪ್ಪು, ಕೆಂಪಗೆ. ತುಂಬಿದ್ದು ಅಲ್ಲೇ ಇರುತ್ತೆ, ತಪ್ಪಾಗಿ ತುಂಬಿದ್ದು ಸಹ. ಸುಲಭ ಅಂತ ಮಾತ್ರ ಹೇಳಲ್ಲ. ಕಂಟ್ರೋಲರ್ ಮೆಥಡ್‌ನಲ್ಲಿ (ಫಾರಂ ಬಂದಾಗ ಓಡುವ ಕೋಡ್) ವ್ಯಾಲಿಡ್ (ಪರೀಕ್ಷಿಸು ಅನ್ನೋ ಗುರುತು) ಹಾಕಿದ ಆಬ್ಜೆಕ್ಟಿನ ಪಕ್ಕದಲ್ಲೇ ಬೈಂಡಿಂಗ್ ರಿಸಲ್ಟ್ (ಸಿಕ್ಕ ತಪ್ಪುಗಳನ್ನು ಹಿಡಿದಿಡುವುದು) ಇರಬೇಕು. ನಾನು ನಡುವೆ ಮಾಡೆಲ್ (ಪುಟಕ್ಕೆ ಕೊಡುವ ಮಾಹಿತಿ) ತುರುಕಿದ್ದೆ, ತಪ್ಪು ತೋರಿಸೋ ಬದಲು ಸೀದಾ 400, ಅಂದರೆ ರಿಕ್ವೆಸ್ಟೇ ಸರಿಯಿಲ್ಲ ಅನ್ನೋ ಪುಟ ಬಂತು. ಒಂದು ಸಂಜೆ ಅದಕ್ಕೇ ಹೋಯ್ತು.

ಇನ್ನೊಂದು ಮಜಾ ಕೇಳಿ. ಚೀಲದ ಕಾಲಮಿನಲ್ಲಿ ಮುನೀಮರು "12 ಚೀಲ" ಅಂತ ಬರೆದರು. ಕೆಳಗೆ ಸ್ಟ್ರಿಂಗನ್ನು (ಅಕ್ಷರಗಳ ಸಾಲು) ಇಂಟಿಜರ್ (ಪೂರ್ಣ ಸಂಖ್ಯೆ) ಮಾಡೋಕೆ ಆಗಲಿಲ್ಲ ಅಂತ ಎರಡು ಸಾಲು ಇಂಗ್ಲಿಷ್. "ನಂದೇನರ ಕೆಡ್ತೇನ್ರೀ?" ಅಂತ ಫೋನನ್ನೇ ತಿರುಗಿಸಿ ತಿರುಗಿಸಿ ನೋಡಿದರು. ನಾಟ್‌ಬ್ಲ್ಯಾಂಕ್, ಪ್ಯಾಟರ್ನ್ ಅನ್ನೋ ಜಾವಾ ಕಡೆಯ ನಿಯಮಗಳಿಗೆಲ್ಲ ಕನ್ನಡ ಬರೆದಿದ್ದೆ, ಇದು ಅವುಗಳ ಲೆಕ್ಕಕ್ಕೆ ಬರಲ್ಲ. ಮೆಸೇಜಸ್ ಫೈಲಿನಲ್ಲಿ ಟೈಪ್‌ಮಿಸ್‌ಮ್ಯಾಚ್ (ಬೇಕಾದ ಬಗೆ ಒಂದು, ಬಂದದ್ದು ಇನ್ನೊಂದು) ಅನ್ನೋ ಕೀಗೆ ಬೇರೆ ಸಾಲು ಬೇಕು. "ಬರೀ ಅಂಕಿ ಬರೆಯಿರಿ, ಉದಾ: 12" ಅಂತ ಹಾಕಿದೆ.

ಆಮೇಲೆ ಅವರು ಕನ್ನಡ ಕೀಬೋರ್ಡಿನಲ್ಲಿ ೧೨ ಒತ್ತಿದರು. ಜಾವಾ ತಕರಾರಿಲ್ಲದೆ ಹನ್ನೆರಡು ಅಂತ ತಗೊಂಡಿತು! ಮೊಬೈಲಿಗೆ ಕನ್ನಡ ಅಂಕಿ ಹಾಕಿದರೆ ಮಾತ್ರ ತಪ್ಪು ಅಂತು, ಯಾಕಂದರೆ ಪ್ಯಾಟರ್ನಿನ ಬ್ಯಾಕ್‌ಸ್ಲ್ಯಾಶ್ ಡಿ (ಒಂದು ಅಂಕಿ ಅನ್ನೋ ಗುರುತು) ಜಾವಾದಲ್ಲಿ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನಷ್ಟೇ ಒಪ್ಪುತ್ತೆ. ಒಂದೇ ಫಾರಂ, ಎರಡು ನ್ಯಾಯ. ಈಗ ಅಂಕಿಗಳನ್ನು ಬದಲಿಸಿಕೊಂಡೇ ಮುಂದೆ ಕಳಿಸ್ತೀನಿ.

ಕನ್ನಡ ಸಾಲು ಬರೆಯೋರಿಗೆ ಒಂದು ಮಾತು: ಜಾವಾ 8ರಲ್ಲಿ ವ್ಯಾಲಿಡೇಷನ್‌ಮೆಸೇಜಸ್ (ಆ ನಿಯಮಗಳ ತಪ್ಪು ಸಾಲುಗಳನ್ನು ಇಡುವ) ಫೈಲಿನ ಕನ್ನಡ ಕಲಸಿಹೋಗುತ್ತೆ, ಅದು ಐಎಸ್‌ಒ 8859-1 (ಕನ್ನಡ ಇಲ್ಲದ ಅಕ್ಷರ ಸಂಕೇತ) ಅಂತ ಓದುತ್ತೆ. 2017ರಲ್ಲಿ ಬಂದ ಜಾವಾ 9ರಿಂದ ಯುಟಿಎಫ್-8 (ಕನ್ನಡವೂ ಇರುವ ಸಂಕೇತ), ಸುಮ್ನೆ ಬರೆದರೆ ಸಾಕು. ಫಾರಂ ಟ್ಯಾಗಿಗೆ ನೋವ್ಯಾಲಿಡೇಟ್ ಹಾಕಿ ಬ್ರೌಸರಿನ ಡಬ್ಬಿಯನ್ನೂ ಬಾಯಿ ಮುಚ್ಚಿಸಿದ್ದೀನಿ.

ಮುನೀಮರದು ಈಗ ಒಂದೇ ಬೇಡಿಕೆ: ಕೆಂಪು ಅಕ್ಷರ ಇನ್ನೊಂಚೂರು ದೊಡ್ಡದಾಗಬೇಕಂತೆ.