ರೆಪ್ಪೆ ಇಳಿದಿದೆ ಅಂತ ಆಪರೇಷನ್‌ಗೆ ಹೊರಟೋರು ಒಮ್ಮೆ ಓದಿ

ಜಯನಗರ ಕಡೆ ಒಂದು ಕಾಸ್ಮೆಟಿಕ್ ಕ್ಲಿನಿಕ್‌ನಲ್ಲಿ (ಹೆಸರು ಬೇಡ ಬಿಡಿ) ನಮ್ಮ ಸೋದರತ್ತೆಗೆ ಮೇಲ್ರೆಪ್ಪೆ ಆಪರೇಷನ್ ಮಾಡಿಸಿ ದುಡ್ಡೂ ಹೋಯ್ತು, ರೆಪ್ಪೆನೂ ಏಳಲಿಲ್ಲ. ಬಲಗಣ್ಣಿನ ರೆಪ್ಪೆ ಪಾಪೆಗೆ ಅಡ್ಡ ಬರೋಷ್ಟು ಇಳಿದಿತ್ತು, ಪೇಪರ್ ಓದೋಕೆ ಹುಬ್ಬು ಎತ್ತಿ ಎತ್ತಿ ಹಣೆ ನೋವು ಅನ್ನೋರು. ಅಲ್ಲಿನ ಡಾಕ್ಟ್ರು ಟಾರ್ಚ್ ಬಿಟ್ಟು ನೋಡಿ "ವಯಸ್ಸಾಯ್ತಲ್ಲಮ್ಮ, ಚರ್ಮ ಜೋತಿದೆ, ತೆಗೆದ್ರೆ ಸರಿಹೋಗತ್ತೆ" ಅಂದ್ರು. ಅಷ್ಟೇ ಟೆಸ್ಟು. ಒಂದು ಸ್ಕೇಲ್ ಕೂಡ ಹಿಡೀಲಿಲ್ಲ.

ಚರ್ಮ ಕತ್ತರಿಸಿದ್ರು, ಹೊಲಿಗೆ ಚೆನ್ನಾಗೇ ಒಣಗ್ತು, ರೆಪ್ಪೆಯ ಅಂಚು ಮಾತ್ರ ಇದ್ದಲ್ಲೇ ಇದೆ. ಅದರ ಮೇಲೆ ಈಗ ರಾತ್ರಿ ಕಣ್ಣು ಪೂರ್ತಿ ಮುಚ್ಚಲ್ಲ, ಬೆಳಿಗ್ಗೆ ಎದ್ರೆ ಮರಳು ಬಿದ್ದ ಹಾಗೆ ಚುಚ್ಚತ್ತೆ. ಕೇಳಿದ್ರೆ "ಇನ್ನೊಂಚೂರು ತೆಗೆಯೋಣ" ಅಂತಾರೆ, ಏನು ಹೇಳೋಣ ಇವರಿಗೆ!

ಆಮೇಲೆ ಕಣ್ಣಾಸ್ಪತ್ರೆಯ ಆಕ್ಯುಲೋಪ್ಲಾಸ್ಟಿ (ರೆಪ್ಪೆ, ಕಣ್ಣಿನ ಸುತ್ತಲಿನ ಆಪರೇಷನ್ ಮಾಡೋ) ಡಾಕ್ಟ್ರು ಹತ್ರ ಹೋದಾಗ ಗೊತ್ತಾಗಿದ್ದು, ಸಮಸ್ಯೆ ಚರ್ಮದ್ದೇ ಅಲ್ಲ, ರೆಪ್ಪೆ ಎತ್ತೋ ಲೀವೇಟರ್ ಸ್ನಾಯುವಿನ ಹಿಡಿತ ವಯಸ್ಸಿಗೆ ಸಡಿಲ ಆಗಿದೆ ಅಂತ. ಇವರು ಹುಬ್ಬನ್ನ ಬೆರಳಲ್ಲಿ ಒತ್ತಿ ಹಿಡಿದು, ಕೆಳಗೆ ನೋಡಿ ಮೇಲೆ ನೋಡಿ ಅಂತ ಹೇಳಿ ರೆಪ್ಪೆ ಎಷ್ಟು ಏಳತ್ತೆ ಅಂತ ಸ್ಕೇಲಲ್ಲಿ ಅಳೆದ್ರು. ಯಾವ ಆಪರೇಷನ್ ಅನ್ನೋದು ಬಹುಪಾಲು ಈ ಅಳತೆ ಮೇಲೇ ನಿಂತಿರೋದಂತೆ. 10 ಮಿ.ಮೀ.ಗಿಂತ ಜಾಸ್ತಿ ಎದ್ರೆ ಸ್ನಾಯು ಚೆನ್ನಾಗಿದೆ, ಅದನ್ನ ಮುಂದಕ್ಕೆ ಎಳೆದು ಹೊಲಿದ್ರೆ ಸಾಕು, 4 ಮಿ.ಮೀ.ಗಿಂತ ಕಮ್ಮಿ ಇದ್ರೆ (ಹುಟ್ಟಿನಿಂದ ಇರೋ ಮಕ್ಕಳಲ್ಲಿ ಇದು ಜಾಸ್ತಿ) ಸಿಲಿಕಾನ್‌ನಿಂದಲೋ ತೊಡೆಯಿಂದ ತೆಗೆದ ಪಟ್ಟಿಯಿಂದಲೋ ಹಣೆ ಸ್ನಾಯುಗೆ ಕಟ್ಟೋ ಸ್ಲಿಂಗ್ ಬೇಕಾಗತ್ತೆ. ಸ್ವಲ್ಪವೇ ಇಳಿದಿದ್ರೆ ಫಿನೈಲೆಫ್ರಿನ್ ಡ್ರಾಪ್ಸ್ (ರೆಪ್ಪೆಯ ಇನ್ನೊಂದು ಚಿಕ್ಕ ಸ್ನಾಯುವನ್ನ ಬಿಗಿ ಮಾಡೋ ಔಷಧಿ) ಹಾಕಿ ನೋಡ್ತಾರೆ, ಅದಕ್ಕೆ ರೆಪ್ಪೆ ಎದ್ರೆ ಹೊರಗೆ ಗಾಯ ಇಲ್ದೆ ರೆಪ್ಪೆಯ ಒಳಗಡೆಯಿಂದ್ಲೇ ಆಪರೇಷನ್ ಮಾಡಬಹುದು. ಒಂದು ಕಣ್ಣು ಎತ್ತಿದ್ಮೇಲೆ ಇನ್ನೊಂದು ಇಳಿಯೋದೂ ಉಂಟಂತೆ, ಇಳಿದ ರೆಪ್ಪೆನ ಬೆರಳಲ್ಲಿ ಎತ್ತಿ ಹಿಡಿದು ಅದನ್ನೂ ಮೊದಲೇ ಪರೀಕ್ಷೆ ಮಾಡ್ತಾರೆ. ಕಣ್ಣೀರು ಸಾಕಷ್ಟಿದೆಯಾ, ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೋಗತ್ತಾ ಅನ್ನೋದೂ ನೋಡಬೇಕು, ಇಲ್ಲಾಂದ್ರೆ ಆಪರೇಷನ್ ಆದ್ಮೇಲೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಒಣಗಿ ಹಾಳಾಗಬಹುದು.

ಬೆಳಿಗ್ಗೆ ಸರಿ ಇದ್ದು ಸಂಜೆಗೆ ಇಳಿಯೋ ರೆಪ್ಪೆ ಆದ್ರೆ ಚಾಕುಗೆ ಮುಂಚೆ ನ್ಯೂರಾಲಜಿಸ್ಟ್ ನೋಡಿ, ಮಯಸ್ತೇನಿಯಾ (ಸ್ನಾಯುಗಳು ಬೇಗ ಸೋತುಹೋಗೋ ಕಾಯಿಲೆ) ಇರಬಹುದು. ಇದ್ದಕ್ಕಿದ್ದಂತೆ ಇಳಿದು, ಎರಡೆರಡು ಕಾಣ್ತಿದ್ರೆ ಅಥವಾ ಎರಡು ಪಾಪೆ ಸೈಜ್ ಬೇರೆ ಬೇರೆ ಇದ್ರೆ ಕಾಯ್ಬೇಡಿ, ಅವತ್ತೇ ಎಮರ್ಜೆನ್ಸಿಗೆ ಹೋಗಿ.

ಅತ್ತೆಗೆ ಈಗ ಹಗಲು ಡ್ರಾಪ್ಸ್, ರಾತ್ರಿ ಜೆಲ್. ಮುಂದಿನ ಆಪರೇಷನ್‌ಗೆ ಹೊಸ ಡಾಕ್ಟ್ರು ಹಳೇ ಫೋಟೋ, ಎಷ್ಟು ಚರ್ಮ ತೆಗೆದ್ರು ಅನ್ನೋ ನೋಟ್ಸ್ ಎಲ್ಲಾ ಕೇಳಿದ್ದಾರೆ, ಕ್ಲಿನಿಕ್‌ನೋರು ಕೊಟ್ಟಿರೋದು ಒಂದು ಬಿಲ್ಲು ಮಾತ್ರ, ಉಳಿದಿದ್ದಕ್ಕೆ ಲೆಟರ್ ಬರೆದು ಕೂತಿದೀವಿ.