ಡಾ ವಿಂಚಿ ಕೋಡ್ ಮುಗಿದ ಮೇಲೆ ಯಾವುದು: ಲಾಸ್ಟ್ ಸಿಂಬಲ್ಲೋ, ಇನ್‌ಫರ್ನೋವೋ?

ಡ್ಯಾನ್ ಬ್ರೌನ್ ಅವರ 'ದ ಡಾ ವಿಂಚಿ ಕೋಡ್' ಓದಿ ಮುಗಿಸಿದವರು ಅದೇ ರಾಬರ್ಟ್ ಲ್ಯಾಂಗ್ಡನ್‌ನ ಮುಂದಿನ ಕಥೆ ಬೇಕೆಂದು ಅಂಗಡಿಗೆ ಹೋದರೆ ಅವರ ಕೈಗೆ ಮೊದಲು ಸಿಗುವುದು 2009ರ 'ದ ಲಾಸ್ಟ್ ಸಿಂಬಲ್' ಅಥವಾ 2013ರ 'ಇನ್‌ಫರ್ನೋ'. ನಾನು ಎರಡನ್ನೂ ದುಡ್ಡು ಕೊಟ್ಟು ಕೊಂಡಿದ್ದೇನೆ, ಎರಡನ್ನೂ ವಿಜಯಪುರದಿಂದ ಬಾಗಲಕೋಟೆಗೆ ಕೆಲಸಕ್ಕೆ ಹೋಗಿಬರುವ ರೈಲಿನಲ್ಲಿಯೇ ಓದಿದ್ದೇನೆ. ಒಂದೇ ಪುಸ್ತಕಕ್ಕೆ ಹಣವಿದ್ದರೆ ಇನ್‌ಫರ್ನೋ ಕೊಳ್ಳಿರಿ ಎಂಬುದು ನನ್ನ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಬಂದ ದಾರಿಯನ್ನು ಹೇಳುವಾಗ ಕಥೆಯ ಕೆಲವು ಗುಟ್ಟುಗಳು ಹೊರಬೀಳುವುದು ಅನಿವಾರ್ಯ. ಏನೂ ತಿಳಿಯದೆ ಓದಬೇಕೆನ್ನುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಲಾಸ್ಟ್ ಸಿಂಬಲ್ ನನಗೆ ಸಿಕ್ಕಿದ್ದು ಪರಊರಿನ ರಸ್ತೆ ಬದಿಯ ಒಂದು ಗಾಡಿಯಲ್ಲಿ, 120 ರೂಪಾಯಿಗೆ. ಅದು ನಕಲಿ ಮುದ್ರಣವೆಂದು ಹಾಳೆ ಮುಟ್ಟಿದಾಗಲೇ ಗೊತ್ತಾಗಿತ್ತು, ಆದರೂ ಕೊಂಡೆ. ಆ ತಪ್ಪು ನನ್ನದೇ. ಅಕ್ಷರ ಅಲ್ಲಲ್ಲಿ ಮಸುಕಾಗಿದ್ದುದನ್ನು ಸಹಿಸಿಕೊಂಡು ಅರ್ಧದಷ್ಟು ಓದಿದ್ದೆ. ವಾಷಿಂಗ್ಟನ್ ನಗರದಲ್ಲಿ ಒಂದೇ ರಾತ್ರಿ ನಡೆಯುವ ಕಥೆಯದು. ಫ್ರೀಮೇಸನ್ನರೆಂಬ ರಹಸ್ಯ ಸಂಘದವರ ಒಂದು ಪುಟ್ಟ ಪಿರಮಿಡ್ಡನ್ನು ಚೀಲದಲ್ಲಿಟ್ಟುಕೊಂಡು ಲ್ಯಾಂಗ್ಡನ್ ಮತ್ತು ವಿಜ್ಞಾನಿ ಕ್ಯಾಥರಿನ್ ಸಾಲೊಮನ್ ಗುಪ್ತಚರ ಇಲಾಖೆಯವರಿಂದ ತಪ್ಪಿಸಿಕೊಂಡು ಓಡುತ್ತಿರುತ್ತಾರೆ. ಇಬ್ಬರೂ ಟ್ಯಾಕ್ಸಿಯಲ್ಲಿ ಕುಳಿತಿದ್ದರು. ಪುಟ ತಿರುವಿದೆ. ಇಬ್ಬರೂ ರಾಷ್ಟ್ರೀಯ ಕ್ಯಾಥೆಡ್ರಲ್‌ನಲ್ಲಿ ಒಬ್ಬ ಅಂಧ, ವೃದ್ಧ ಪಾದ್ರಿಯ ಮುಂದೆ ಇದ್ದರು. ನಾನು ಓದುತ್ತಾ ಹೋದೆ. ಎರಡು ಮೂರು ಪುಟಗಳಾದ ಮೇಲೆ, ಬಸವನಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ, ಎಷ್ಟು ಓದಿದೆನೆಂದು ನೋಡಲು ಪುಟಸಂಖ್ಯೆಯ ಮೇಲೆ ಕಣ್ಣು ಹಾಯಿಸಿದಾಗಷ್ಟೇ ನಡುವಿನ 16 ಪುಟಗಳ ಒಂದು ಇಡೀ ಫಾರಂ ಬೈಂಡಿಂಗ್‌ನಲ್ಲಿ ಬಿಟ್ಟುಹೋಗಿದೆ ಎಂಬುದು ತಿಳಿಯಿತು.

ನನಗೆ ಸಿಟ್ಟು ಬಂದದ್ದು ನಿಜ, ಆದರೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಡತೊಡಗಿತು. ಹದಿನಾರು ಪುಟ ಹೋದರೂ ನನಗೆ ಅದು ಗೊತ್ತೇ ಆಗಲಿಲ್ಲವೇಕೆ? ನನ್ನ ಜೊತೆಗೆ ಅದೇ ರೈಲಿನಲ್ಲಿ ಓಡಾಡುವ ಗಣಿತದ ಮಾಸ್ತರರ ಬಳಿ ಒಳ್ಳೆಯ ಪ್ರತಿ ಇತ್ತು. ಅದನ್ನು ಎರವಲು ತಂದು ಬಿಟ್ಟುಹೋದ ಪುಟಗಳನ್ನು ಓದಿದೆ. ಅಲ್ಲಿದ್ದುದು ಬೆನ್ನಟ್ಟುವಿಕೆ, ಬೆನ್ನಟ್ಟುವವರನ್ನು ದಾರಿ ತಪ್ಪಿಸುವ ಉಪಾಯ, ಮತ್ತು ಒಂದು ಸಂಕೇತದ ಅರ್ಥದ ಬಗ್ಗೆ ಮಾತು. ಓದಲು ಚೆನ್ನಾಗಿಯೇ ಇತ್ತು, ಆದರೆ ಅದು ಇಲ್ಲದಿದ್ದರೂ ಮುಂದಿನ ಕಥೆಗೆ ಏನೂ ಕೊರತೆಯಾಗುತ್ತಿರಲಿಲ್ಲ. 133 ಅಧ್ಯಾಯಗಳಿರುವ ಈ ಕಾದಂಬರಿಯಲ್ಲಿ ಒಬ್ಬರು ಏನನ್ನೋ ಕಂಡು ಬೆಚ್ಚುತ್ತಾರೆ, ಕಂಡದ್ದು ಏನೆಂದು ನಮಗೆ ಹೇಳದೆ ಅಧ್ಯಾಯ ಮುಗಿಯುತ್ತದೆ, ಮುಂದಿನ ಅಧ್ಯಾಯ ಬೇರೆ ಕಡೆಗೆ ಹೊರಳುತ್ತದೆ. ಡಾ ವಿಂಚಿ ಕೋಡ್‌ನ 105 ಅಧ್ಯಾಯಗಳಲ್ಲಿಯೂ ಇದೇ ತಂತ್ರವಿತ್ತು, ಅಲ್ಲಿ ಅದು ಹೊಸದಾಗಿತ್ತು. ಇಲ್ಲಿ ನಾಲ್ಕಾರು ಸಲವಾದ ಮೇಲೆ ಓದುಗನಿಗೆ ಇದು ಕುತೂಹಲವಲ್ಲ, ಬರೀ ತಡೆ ಎನ್ನಿಸತೊಡಗುತ್ತದೆ.

ಇದಕ್ಕೆ ಎದುರಾಗಿ ಇನ್‌ಫರ್ನೋದ ಅನುಭವವನ್ನು ಹೇಳಬೇಕು. ಅದನ್ನು ನಾನು ಪೂರ್ತಿ ಬೆಲೆ ಕೊಟ್ಟು, ಅಸಲಿ ಪ್ರತಿಯನ್ನೇ ಕೊಂಡೆ. ಒಂದು ಸಂಜೆ ಜನಜಂಗುಳಿಯಲ್ಲಿ ಪುಸ್ತಕ ಕೆಳಗೆ ಬಿದ್ದು, ಗುರುತಿಗೆ ಇಟ್ಟಿದ್ದ ಚೀಟಿ ಜಾರಿ, ನಾನು ತಿಳಿಯದೆ ಎಂಟು ಹತ್ತು ಪುಟ ಮುಂದಿನಿಂದ ಓದಲು ತೊಡಗಿದೆ. ಒಂದೇ ಪುಟದಲ್ಲಿ ದಾರಿ ತಪ್ಪಿದೆ. ಯಾರು ಯಾರ ಪಕ್ಷದವರು, ಯಾರು ಯಾರನ್ನು ನಂಬಿದ್ದಾರೆ ಎಂಬುದೇ ಬುಡಮೇಲಾಗಿತ್ತು. ಹಿಂದಕ್ಕೆ ಹೋಗಿ ಬಿಟ್ಟ ಜಾಗವನ್ನು ಹುಡುಕಲೇಬೇಕಾಯಿತು. ಎರಡೂ ಪುಸ್ತಕಗಳ ನಡುವಿನ ವ್ಯತ್ಯಾಸ ನನ್ನ ಮಟ್ಟಿಗೆ ಇಷ್ಟರಲ್ಲಿಯೇ ಇದೆ. ಒಂದರಲ್ಲಿ ಹಾಳೆ ಕಿತ್ತರೂ ಕಥೆ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ.

ಇದಕ್ಕೆ ಕಾರಣ ಇನ್‌ಫರ್ನೋದ ಆರಂಭದಲ್ಲಿಯೇ ಇದೆ. ಲ್ಯಾಂಗ್ಡನ್ ಇಟಲಿಯ ಫ್ಲಾರೆನ್ಸ್ ನಗರದ ಆಸ್ಪತ್ರೆಯೊಂದರಲ್ಲಿ ತಲೆಗೆ ಗಾಯವಾಗಿ ಎಚ್ಚರಗೊಳ್ಳುತ್ತಾನೆ. ಹಿಂದಿನ ಎರಡು ದಿನಗಳ ನೆನಪೇ ಅವನಿಗಿಲ್ಲ. ಸಿಯೆನ್ನಾ ಬ್ರೂಕ್ಸ್ ಎಂಬ ವೈದ್ಯೆ ಅವನನ್ನು ಅಲ್ಲಿಂದ ಪಾರುಮಾಡುತ್ತಾಳೆ. ಹಿಂದಿನ ಪುಸ್ತಕಗಳಲ್ಲಿ ಎಲ್ಲವನ್ನೂ ಬಲ್ಲ ಪ್ರಾಧ್ಯಾಪಕನಾಗಿದ್ದವನಿಗೆ ಇಲ್ಲಿ ತಾನು ನಿನ್ನೆ ಏನು ಮಾಡಿದೆ ಎಂಬುದೇ ಗೊತ್ತಿಲ್ಲ. ಆದ್ದರಿಂದ ಲೇಖಕರು ನಮ್ಮಿಂದ ಮುಚ್ಚಿಡುವುದೆಲ್ಲ ನಾಯಕನಿಗೂ ಮುಚ್ಚಿರುವಂಥದ್ದೇ ಆಗಿದ್ದು, ಓದುಗನಿಗೆ ಮೋಸವಾಯಿತೆಂಬ ಭಾವನೆ ಬರುವುದಿಲ್ಲ. ಸರಣಿಯ ಹಳೆಯ ತಂತ್ರಕ್ಕೆ ಕಥೆಯೊಳಗಿನಿಂದಲೇ ಕಾರಣ ಒದಗಿಸಿದ್ದನ್ನು ನಾನು ಬಹಳ ಮೆಚ್ಚಿದೆ. ನೆನಪು ಹೋದದ್ದು ಹೇಗೆ ಎಂಬುದು ಮುಂದೆ ತಿಳಿದಾಗ ಅಲ್ಲಿಯವರೆಗೆ ಓದಿದ್ದೆಲ್ಲವನ್ನೂ ಬೇರೆಯೇ ಕಣ್ಣಿನಿಂದ ನೋಡಬೇಕಾಗುತ್ತದೆ.

ಕಟ್ಟಡಗಳ ವಿಷಯಕ್ಕೆ ಬಂದರೆ, ಗೋಳಗುಮ್ಮಟವನ್ನು ನೋಡುತ್ತಲೇ ಬೆಳೆದವರಿಗೆ ಈ ಸರಣಿಯ ಮೇಲೆ ವಿಶೇಷ ಪ್ರೀತಿ ಹುಟ್ಟುವುದು ಸಹಜ. ಲಾಸ್ಟ್ ಸಿಂಬಲ್ಲಿನ ಮುಖ್ಯ ಘಟನೆ ತೊಡಗುವುದು ಅಮೆರಿಕದ ಸಂಸತ್ ಭವನದ ಗುಮ್ಮಟದ ಕೆಳಗೆ. ಎರಕದ ಕಬ್ಬಿಣದ ಆ ಗುಮ್ಮಟದ ಕೆಳಗಿನ ವೃತ್ತಾಕಾರದ ಸಭಾಂಗಣ ಸುಮಾರು 29 ಮೀಟರ್ ಅಗಲವಿದೆ. ಅಲ್ಲಿ ಲ್ಯಾಂಗ್ಡನ್‌ನ ಗೆಳೆಯನ ಕತ್ತರಿಸಿದ ಕೈ ದೊರೆಯುತ್ತದೆ. ಅಂಥ ಭೀಕರ ಗಳಿಗೆಯಲ್ಲಿ ಲ್ಯಾಂಗ್ಡನ್ ನಿಂತುಕೊಂಡು ಛಾವಣಿಯ ಚಿತ್ರದ ಅರ್ಥವನ್ನೂ ನಗರದ ಸ್ಥಾಪಕರ ನಂಬಿಕೆಗಳನ್ನೂ ವಿವರಿಸುತ್ತಾನೆ. ವಿಷಯ ಆಸಕ್ತಿಕರವಾಗಿದೆ, ಆದರೆ ಹೊತ್ತು ಅದಕ್ಕೆ ಸರಿಯಾದದ್ದಲ್ಲ. ಇನ್‌ಫರ್ನೋದಲ್ಲಿ ವಿವರಣೆ ಓಟದ ಜೊತೆಗೇ ಬರುತ್ತದೆ. ಫ್ಲಾರೆನ್ಸಿನ ಅರಮನೆಯ ಗೋಡೆಯ ಮೇಲೆ ವಸಾರಿ ಎಂಬ ಕಲಾವಿದ ಬರೆದ ಯುದ್ಧದ ಚಿತ್ರದಲ್ಲಿ ಒಂದು ಸಣ್ಣ ಬಾವುಟದ ಮೇಲೆ 'ಹುಡುಕಿದರೆ ಸಿಗುತ್ತದೆ' ಎಂಬರ್ಥದ ಎರಡು ಇಟಾಲಿಯನ್ ಪದಗಳು ನಿಜವಾಗಿಯೂ ಇವೆ, ಕಥೆಯಲ್ಲಿ ಆ ಪದಗಳೇ ಬಾಗಿಲು ತೆರೆಯುತ್ತವೆ. ಇಟಲಿಯ ಕವಿ ಡಾಂಟೆ ವರ್ಣಿಸಿದ ನರಕದ ಸುತ್ತುಗಳೂ ಹಾಗೆಯೇ. ಸಾವಿನ ಮನೆಯಲ್ಲಿ ಗರುಡ ಪುರಾಣ ಕೇಳಿ ಒಂದೊಂದು ಪಾಪಕ್ಕೆ ಒಂದೊಂದು ನರಕವೆಂಬ ವರ್ಣನೆಗೆ ಕಿವಿಗೊಟ್ಟ ನಮ್ಮಂಥವರಿಗೆ ಡಾಂಟೆ ಅಷ್ಟೇನೂ ಅಪರಿಚಿತನೆನಿಸುವುದಿಲ್ಲ.

ಆದರೆ ನನ್ನನ್ನು ಪೂರ್ತಿ ಗೆದ್ದದ್ದು ಕಥೆಯ ಕೊನೆಯ ಭಾಗ, ತುರ್ಕಿಯ ಇಸ್ತಾಂಬುಲ್. ಅಲ್ಲಿನ ಹಗಿಯಾ ಸೋಫಿಯಾ ಎಂಬ ಪುರಾತನ ಪ್ರಾರ್ಥನಾಮಂದಿರದ ಗುಮ್ಮಟದ ವ್ಯಾಸ ಸುಮಾರು 31 ಮೀಟರ್. ನಮ್ಮ ಗೋಳಗುಮ್ಮಟದ್ದು ಹೊರಗಿನಿಂದ ಅಳೆದರೆ 44 ಮೀಟರ್. ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿದೆ. ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ತುರ್ಕಿಯ ಸುಲ್ತಾನರ ಮನೆತನದವನೆಂದು ಹಿಂದಿನ ಚರಿತ್ರೆಕಾರ ಫೆರಿಷ್ತಾ ಬರೆದ ಕಥೆಯನ್ನು ನಮ್ಮ ಊರಿನಲ್ಲಿ ಕೇಳದವರು ಕಡಿಮೆ. ಇತಿಹಾಸಕಾರರು ಅದನ್ನು ಸಂದೇಹದಿಂದಲೇ ನೋಡುತ್ತಾರಾದರೂ, ಆ ನಗರದ ಹೆಸರು ಬಂದಾಗ ನನಗೆ ಪರದೇಶವೆನಿಸಲಿಲ್ಲ. ಮುಂದೆ ಕಥೆ ನೆಲದಡಿಯ ಜಲಾಗಾರಕ್ಕೆ ಇಳಿಯುತ್ತದೆ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಆ ಜಲಾಗಾರದಲ್ಲಿ 336 ಕಂಬಗಳಿವೆ. ಎರಡು ಕಂಬಗಳ ಬುಡದಲ್ಲಿ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ತಲೆಗಳಿದ್ದು, ಒಂದು ಅಡ್ಡಲಾಗಿದೆ, ಇನ್ನೊಂದು ತಲೆಕೆಳಗಾಗಿದೆ. ಕತ್ತಲು, ನಿಂತ ನೀರು, ಕಂಬಗಳ ನಡುವೆ ತೇಲಿಬರುವ ಸಂಗೀತ, ಆ ನೀರಿನಲ್ಲಿ ಇರಿಸಲಾದ ವೈರಾಣುವಿನ ಒಂದು ಚೀಲ. ನಮ್ಮ ಊರಿನ ತಾಜ್ ಬಾವಡಿಯ ಮೆಟ್ಟಿಲುಗಳ ಮೇಲೆ ನಿಂತು ಕೆಳಗಿನ ನೀರನ್ನು ನೋಡಿದವರಿಗೆ, ಆದಿಲ್‌ಶಾಹಿಗಳು ಸುರಂಗಗಳಲ್ಲಿಯೂ ಮಣ್ಣಿನ ಕೊಳವೆಗಳಲ್ಲಿಯೂ ಊರಿಗೆ ನೀರು ತಂದದ್ದನ್ನು ಬಲ್ಲವರಿಗೆ, ಒಂದು ನಗರದ ನೀರಿಗೆ ಕೈಹಾಕುವುದೆಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಆ ಅಧ್ಯಾಯಗಳನ್ನು ಓದುವಾಗ ರೈಲು ಆಲಮಟ್ಟಿ ದಾಟಿ ಕೃಷ್ಣೆಯ ಸೇತುವೆಯ ಮೇಲಿತ್ತು. ನಾನು ಪುಸ್ತಕ ಮಡಿಚಿ ಸೇತುವೆ ಮುಗಿಯುವವರೆಗೆ ನೀರನ್ನೇ ನೋಡುತ್ತಾ ಕುಳಿತೆ.

ಗಣಿತದ ಮಾಸ್ತರರು ನನ್ನ ಮಾತನ್ನು ಒಪ್ಪುವುದಿಲ್ಲ. ಅವರಿಗೆ ಲಾಸ್ಟ್ ಸಿಂಬಲ್ಲೇ ಶ್ರೇಷ್ಠ, ಅವರ ಕಾರಣವೂ ಹಗುರವಾದದ್ದಲ್ಲ. ಡ್ಯೂರರ್ ಎಂಬ ಜರ್ಮನ್ ಕಲಾವಿದನ ಒಂದು ಚಿತ್ರದಲ್ಲಿರುವ ಮಾಯಾಚೌಕ ಆ ಕಥೆಯ ಸಂಕೇತವೊಂದನ್ನು ಬಿಡಿಸುವ ಕೀಲಿಯಾಗಿದೆ. ನಾಲ್ಕು ಮನೆ ಉದ್ದ, ನಾಲ್ಕು ಮನೆ ಅಗಲದ ಆ ಚೌಕವನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆ, ಹೇಗೆ ಕೂಡಿದರೂ 34 ಬರುತ್ತದೆ; ಕೊನೆಯ ಸಾಲಿನ ನಡುವಿನ ಎರಡು ಮನೆಗಳಲ್ಲಿ 15 ಮತ್ತು 14 ಇದ್ದು, ಚಿತ್ರ ಬರೆದ 1514ನೆಯ ಇಸವಿಯನ್ನು ಸೂಚಿಸುತ್ತವೆ. ಮಾಸ್ತರರು ಇದನ್ನು ತಮ್ಮ ತರಗತಿಯಲ್ಲಿ ಬರೆಸಿ, ಮಕ್ಕಳಿಂದಲೇ ಕೂಡಿಸಿದ್ದಾರೆ. ಓದುಗನೇ ಪೆನ್ನು ಹಿಡಿದು ಬಿಡಿಸಬಹುದಾದ ಒಗಟು ಇನ್‌ಫರ್ನೋದಲ್ಲಿ ಕಡಿಮೆ ಎಂಬ ಅವರ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಲಾಸ್ಟ್ ಸಿಂಬಲ್ಲಿನ ಖಳನಾಯಕ ಯಾರೆಂಬುದು ಮಾತ್ರ ನನಗೂ ಅವರಿಗೂ ಬಹಳ ಮೊದಲೇ ಹೊಳೆದಿತ್ತು.

ಇನ್‌ಫರ್ನೋದ ಮೇಲೆ ಗಟ್ಟಿಯಾದ ಆಕ್ಷೇಪ ಬಂದದ್ದು ನನ್ನ ಅಕ್ಕನ ಮಗಳಿಂದ. ಜನಸಂಖ್ಯೆ ಹೀಗೆಯೇ ಬೆಳೆದರೆ ಮನುಷ್ಯಕುಲ ಉಳಿಯುವುದಿಲ್ಲವೆಂದು ನಂಬಿದ ವಿಜ್ಞಾನಿಯೊಬ್ಬ ಆ ಕಥೆಯ ಕೇಂದ್ರದಲ್ಲಿದ್ದಾನೆ. ನರ್ಸಿಂಗ್ ಓದುತ್ತಿರುವ ಅವಳು ಪುಸ್ತಕ ಮುಗಿಸಿ, "ಮಾಮಾ, ಇವನ ಲೆಕ್ಕ ಹಳೇದಾತು" ಎಂದಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2.0ಕ್ಕೆ, ಕರ್ನಾಟಕದಲ್ಲಿ 1.7ಕ್ಕೆ ಇಳಿದಿದೆ. ಹೆಣ್ಣುಮಕ್ಕಳು ಓದಿದ್ದರಿಂದ, ಆಸ್ಪತ್ರೆಗಳು ಹತ್ತಿರ ಬಂದದ್ದರಿಂದ ಆಗುತ್ತಿರುವ ಈ ಬದಲಾವಣೆಗೆ ಕಾದಂಬರಿಯಲ್ಲಿ ಜಾಗವೇ ಇಲ್ಲವೆಂಬುದು ಅವಳ ದೂರು. ಅವಳ ಮಾತು ಸರಿಯಿದೆ. ಫಿಲಿಪ್ಪೀನ್ಸಿನ ಮನಿಲಾ ನಗರವನ್ನು ಈ ಪುಸ್ತಕ ನರಕದ ಬಾಗಿಲೆಂಬಂತೆ ಚಿತ್ರಿಸಿದ್ದಕ್ಕೆ ಅಲ್ಲಿನ ಅಧಿಕಾರಿಗಳು 2013ರಲ್ಲಿಯೇ ಪ್ರತಿಭಟನೆ ವ್ಯಕ್ತಪಡಿಸಿದ್ದರು. ಬರ, ಧೂಳು, ಬಿಸಿಲು ಎಂಬ ಮೂರೇ ಮಾತುಗಳಲ್ಲಿ ನಮ್ಮ ಜಿಲ್ಲೆಯನ್ನು ಮುಗಿಸಿಬಿಡುವ ಬರಹಗಳನ್ನು ಓದಿ ನೊಂದವನಾಗಿ, ಆ ಜನರ ನೋವು ನನಗೆ ಅರ್ಥವಾಗುತ್ತದೆ. ಇಷ್ಟಾದರೂ ಆ ವಿಜ್ಞಾನಿಯ ವಾದಕ್ಕೆ ಉತ್ತರ ಹುಡುಕುತ್ತಾ ನಾವು ಮೂವರು ಎರಡು ಭಾನುವಾರ ಮಾತನಾಡಿದೆವು. ಲಾಸ್ಟ್ ಸಿಂಬಲ್ ಮುಗಿಸಿದ ಮೇಲೆ ಅಂಥ ಮಾತು ನಡೆಯಲಿಲ್ಲ.

ಚಲನಚಿತ್ರ ನೋಡಿದ್ದೇವೆ, ಪುಸ್ತಕವೇಕೆ ಎನ್ನುವವರಿಗೆ ಒಂದು ಮಾತು. 2016ರಲ್ಲಿ ಬಂದ ಇನ್‌ಫರ್ನೋ ಚಿತ್ರದಲ್ಲಿ ನಮ್ಮ ಇರ್ಫಾನ್ ಖಾನ್ ಅವರ ಪಾತ್ರ ಚೆನ್ನಾಗಿದೆ, ಆದರೆ ಕಥೆಯ ಅಂತ್ಯವನ್ನೇ ಅಲ್ಲಿ ಬದಲಿಸಿದ್ದಾರೆ. ಚಿತ್ರದಲ್ಲಿ ಆಪತ್ತು ಕೊನೆಯ ಗಳಿಗೆಯಲ್ಲಿ ತಪ್ಪುತ್ತದೆ. ಪುಸ್ತಕದಲ್ಲಿ ತಪ್ಪುವುದಿಲ್ಲ, ಲ್ಯಾಂಗ್ಡನ್ ಆ ನೀರಿನ ಬಳಿ ತಲುಪುವ ಎಷ್ಟೋ ಮೊದಲೇ ಆಗಬೇಕಾದದ್ದು ಆಗಿಹೋಗಿರುತ್ತದೆ. ನಾಯಕ ತಡವಾಗಿ ಬಂದನೆಂದು ಒಪ್ಪಿಕೊಳ್ಳುವ ಸಾಹಸ ಕಾದಂಬರಿಯನ್ನು ನಾನು ಓದಿದ್ದು ಇದೇ ಮೊದಲು. ಚಿತ್ರ ನೋಡಿದವರು ಇನ್ನೂ ಆ ಕಥೆಯನ್ನು ತಿಳಿದಿಲ್ಲವೆಂದೇ ಹೇಳಬೇಕು.

ಭಾಷೆಯ ದೃಷ್ಟಿಯಿಂದ ಎರಡೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನಿಲುಕುವಂಥವೇ. ಇನ್‌ಫರ್ನೋದ ಇಟಾಲಿಯನ್ ಪದಗಳಿಗೆ ಅಲ್ಲಲ್ಲಿಯೇ ಅರ್ಥ ಕೊಟ್ಟಿದ್ದಾರೆ. ಈ ಪುಸ್ತಕ ಬಿಡುಗಡೆಯಾಗುವ ಮೊದಲೇ ಹನ್ನೊಂದು ಜನ ಅನುವಾದಕರನ್ನು ಮಿಲಾನ್ ಬಳಿಯ ಒಂದು ನೆಲಮಾಳಿಗೆಯಲ್ಲಿ ಕಾವಲಿನಲ್ಲಿ ಕೂರಿಸಿ ಯೂರೋಪಿನ ಹಲವು ಭಾಷೆಗಳಿಗೆ ಅನುವಾದ ಮಾಡಿಸಿದ್ದರು. ಅಂಥ ಕಾಳಜಿ ಎಂದಾದರೂ ಕನ್ನಡಕ್ಕೂ ದೊರೆಯಲಿ ಎಂದು ಆಸೆಪಡುತ್ತೇನೆ.

2017ರ 'ಆರಿಜಿನ್' ಸ್ಪೇನ್ ದೇಶದಲ್ಲಿ ನಡೆಯುತ್ತದೆ. ಅದರಲ್ಲಿ ಕೃತಕ ಬುದ್ಧಿಮತ್ತೆಯ ಪಾತ್ರವೊಂದನ್ನು ಬಿಟ್ಟರೆ ನನ್ನ ನೆನಪಿನಲ್ಲಿ ಉಳಿದದ್ದು ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ 'ದ ಸೀಕ್ರೆಟ್ ಆಫ್ ಸೀಕ್ರೆಟ್ಸ್' ಪ್ರಾಗ್ ನಗರದ ಕಥೆ. ಅದರ ದಪ್ಪ ರಟ್ಟಿನ ಪ್ರತಿಯ ಬೆಲೆ ನನ್ನ ತಿಂಗಳ ಪುಸ್ತಕದ ಖರ್ಚನ್ನು ಮೀರುವುದರಿಂದ ಕಾಯುತ್ತಿದ್ದೇನೆ. ಅದರಲ್ಲಿ ಲಾಸ್ಟ್ ಸಿಂಬಲ್ಲಿನ ಕ್ಯಾಥರಿನ್ ಸಾಲೊಮನ್ ಮತ್ತೆ ಬರುತ್ತಾಳೆ. ಆದ್ದರಿಂದ ಹೊಸ ಪುಸ್ತಕವನ್ನು ಓದಲೇಬೇಕೆಂದು ನಿಶ್ಚಯಿಸಿದವರು ಲಾಸ್ಟ್ ಸಿಂಬಲ್ಲನ್ನು ಬಿಡುವಂತಿಲ್ಲ. ಅವರು ಅದನ್ನು ಗ್ರಂಥಾಲಯದಿಂದಲೋ ಗೆಳೆಯರಿಂದಲೋ ಎರವಲು ತಂದರೆ ಸಾಕು, ಒಮ್ಮೆ ಓದಿದರೆ ಮುಗಿಯುತ್ತದೆ.

ಇನ್‌ಫರ್ನೋವನ್ನು ಮಾತ್ರ ಕೊಂಡು ಇಟ್ಟುಕೊಳ್ಳಿರಿ, ಅಸಲಿ ಪ್ರತಿಯನ್ನೇ ಕೊಳ್ಳಿರಿ. ಗಾಡಿಯ ಪ್ರತಿಗಿಂತ ಅದಕ್ಕೆ ಮೂರು ಪಟ್ಟು ಹೆಚ್ಚು ಕೊಟ್ಟಿದ್ದೇನೆ. ಮೂರು ಜನ ಓದಿದ್ದೇವೆ, ನಾನು ಎರಡು ಸಲ ಓದಿದ್ದೇನೆ, ಬೈಂಡಿಂಗ್ ಇನ್ನೂ ಬಿಟ್ಟಿಲ್ಲ. ನನ್ನ ಲಾಸ್ಟ್ ಸಿಂಬಲ್ಲಿಗೆ ಮಾಸ್ತರರ ಪ್ರತಿಯಿಂದ ಆ 16 ಪುಟಗಳನ್ನು ಜೆರಾಕ್ಸ್ ಮಾಡಿಸಿ ಅಂಟಿಸಿದ್ದೇನೆ. ಈಗ ಅದನ್ನು ಅಕ್ಕನ ಮಗಳು ಓದುತ್ತಿದ್ದಾಳೆ, ಮಾಯಾಚೌಕದ ಪುಟದವರೆಗೆ ಬಂದಿದ್ದಾಳೆ.